ಗೆರೆಯಾಚೆಯ ಕಾಲು

ಟಾವೈ ಫ್ಲ್ಯಾಟ್
1 ಆಗಸ್ಟ್ 2005, ಸೋಮವಾರ

ಐಲ್ಸಾ,

ಪತ್ರದ ತಲೆಯ ಮೇಲೆ ‘ಪ್ರೀತಿಯ’ ಎಂದು ಬರೆಯಬೇಕಂತೆ, ನಿನ್ನ ಅಮ್ಮ ಹಿಂದೆ ನಿಂತು ಹೇಳುತ್ತಿದ್ದಾಳೆ. ಈ ವಾರ ಬರೆಯುವುದಿಲ್ಲ. ಅಪ್ಪ ಫೋನ್ ಯಾಕೆ ಎತ್ತುತ್ತಿಲ್ಲ ಎಂದು ನೀನು ಅವಳನ್ನು ಮೂರು ಸಲ ಕೇಳಿದೆಯಂತೆ. ಫೋನಿನಲ್ಲಿ ನೀನು ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡಿ ನಿಯಮ ಹೇಳಲು ಶುರುಮಾಡುತ್ತೀಯ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ. ನಾನು ಮುಗಿಸುವವರೆಗೆ ನೀನು ಓದಲೇಬೇಕು.

ಶನಿವಾರದ ರಗ್ಬಿ ಫೈನಲ್‌ಗೆ ಬರಬೇಕಿದ್ದ ರೆಫರಿಗೆ ಬೆಳಿಗ್ಗೆ ಜ್ವರ ಬಂತು. ಬೇರೆ ಯಾರೂ ಸಿಗದೆ ನಿನ್ನನ್ನು ಕಳಿಸಿದರು. ಇವಳು ಟಾವೈ ಫ್ಲ್ಯಾಟ್ ಊರಿನ ಹುಡುಗಿ ಎಂದು ಎದುರಾಳಿ ಕೆರ್ಸ್ ಬುಷ್‌ನವರು ತಕರಾರು ತೆಗೆಯುತ್ತಾರೆ ಎಂದುಕೊಂಡಿದ್ದೆವು. ಅವರು ತೆಗೆಯಲಿಲ್ಲ. ತೆಗೆಯಬೇಕಿದ್ದದ್ದು ನಾವು ಎಂದು ಊರೆಲ್ಲ ಈಗ ಹೇಳುತ್ತಿದೆ.

ಕೊನೆಯ ನಿಮಿಷ. ನಮ್ಮದು ಹದಿನೇಳು, ಅವರದು ಹದಿನೈದು. 1974ರಿಂದ ಆ ಶೀಲ್ಡ್ ನಮ್ಮ ಕ್ಲಬ್ಬಿನ ಗೋಡೆ ಕಂಡಿಲ್ಲ. ಅಂದು ಅದನ್ನು ಎತ್ತಿದ ಹದಿನೈದು ಜನರಲ್ಲಿ ನಾನೂ ಒಬ್ಬ. ಅವರು ಚೆಂಡನ್ನು ನಮ್ಮ ಗೋಲ್ ಗೆರೆ ದಾಟಿಸಿ ಒದ್ದರು, ಅದು ಮೂಲೆಗೆ ಉರುಳಿತು. ನಮ್ಮ ಕ್ಯಾಲಮ್ ಅದರ ಮೇಲೆ ಬಿದ್ದು ಹಿಡಿಯಲು ಹೋದ, ಹಿಡಿಯಲಿಲ್ಲ. ಅಷ್ಟರಲ್ಲಿ ಅವರ ರಾವಿರಿ ಕೆಸರಿನಲ್ಲಿ ಜಾರಿಕೊಂಡು ಬಂದು ಚೆಂಡಿಗೆ ಏನೋ ಒಂದು ಮಾಡಿದ. ಮಾಡುವಾಗ ಅವನ ಕಾಲು, ಮಂಡಿ, ಸೊಂಟ ಎಲ್ಲವೂ ಪಕ್ಕದ ಗೆರೆಯ ಆಚೆ. ಆ ಗೆರೆಯನ್ನು ಶುಕ್ರವಾರ ದಾರ ಕಟ್ಟಿ ಬಳಿದವನು ನಾನು. ನಲವತ್ತು ವರ್ಷ ಬೇಲಿ ಹಾಕಿ ಹೊಟ್ಟೆ ಹೊರೆದವನಿಗೆ ಗೆರೆಯ ಒಳಗೆ ಯಾವುದು, ಹೊರಗೆ ಯಾವುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಾವುಟ ಎತ್ತಿದೆ. ಕ್ಲಬ್ಬಿನ ಪರವಾಗಿ ಲೈನ್ಸ್‌ಮನ್ ಬಾವುಟ ಹಿಡಿದು ನನಗೆ ಇದು ಹತ್ತೊಂಬತ್ತನೇ ವರ್ಷ.

ನೀನು ಓಡಿ ಬಂದು ಏನೋ ಕೇಳಿದೆ. ಕಾಲು ಆಚೆ ಇತ್ತು ಎಂದು ನಾನು ಹೇಳಿದೆ. ನೀನು ಮತ್ತೆ ಕೇಳಿದೆ, ನಾನು ಮತ್ತೆ ಅದನ್ನೇ ಹೇಳಿದೆ. ಆಮೇಲೆ ನೀನು ಬೆನ್ನು ತಿರುಗಿಸಿ, ಸೀಟಿ ಊದಿ, ಕೈ ಮೇಲೆತ್ತಿ ಅವರಿಗೆ ಐದು ಅಂಕದ ಟ್ರೈ ಕೊಟ್ಟೆ. ಇಪ್ಪತ್ತು–ಹದಿನೇಳು. ಮುಗಿಯಿತು. ನಾನೂರು ಜನರ ಎದುರು ಹೆತ್ತ ಅಪ್ಪನ ಬಾವುಟಕ್ಕೆ ಬೆನ್ನು ತೋರಿಸಿದೆ. ಮನೆಗೆ ಮಾರಿ, ಊರಿಗೆ ಉಪಕಾರಿ ಎನ್ನುವುದು ಇದಕ್ಕೇ.

ಇದೊಂದೇ ಅಲ್ಲ. ಮೊದಲರ್ಧದಲ್ಲಿ ಅವರ ಹುಡುಗ ಎಲ್ಲರಿಗೂ ಕಾಣುವಂತೆ ಚೆಂಡು ಕೈಬಿಟ್ಟ, ನೀನು ಸುಮ್ಮನಿದ್ದೆ. ಅವರ ದಪ್ಪನೆಯವನು ನಮ್ಮವರು ಕೆಡವಿದ ಮೇಲೆ ಬಿದ್ದಲ್ಲಿಂದಲೇ ಕೈ ಚಾಚಿ ಗೋಲ್ ಗೆರೆಗೆ ಚೆಂಡು ಮುಟ್ಟಿಸಿದ. ಅದು ಡಬಲ್ ಮೂವ್‌ಮೆಂಟ್ ಎಂದು ಚಿಕ್ಕ ಮಕ್ಕಳಿಗೂ ಗೊತ್ತು. ಅದಕ್ಕೂ ಟ್ರೈ ಕೊಟ್ಟೆ.

ಶುಕ್ರವಾರ ಸಮಿತಿ ಸೇರುತ್ತದೆ. ರೆಫರಿಯ ಮೇಲೆ ದೂರು ಕೊಟ್ಟು ಫೈನಲನ್ನು ಮತ್ತೆ ಆಡಿಸಬೇಕು ಎಂದು ಕೇಳುತ್ತಾರೆ. ದೂರು ಬರೆಯುವುದು ಕಾರ್ಯದರ್ಶಿಯ ಕೆಲಸ. ಕಾರ್ಯದರ್ಶಿ ಯಾರೆಂದು ನಿನಗೆ ಗೊತ್ತು.

ಶನಿವಾರ ಮೂರೂವರೆ ಗಂಟೆಯವರೆಗೆ ನಿನ್ನ ಬಗ್ಗೆ ಹೆಮ್ಮೆಪಟ್ಟಿದ್ದ,
ಅಪ್ಪ

*

ಇನ್ವರ್ಕಾರ್ಗಿಲ್
4 ಆಗಸ್ಟ್ 2005

ಅಪ್ಪ,

ಹಾಲಿನ ಟ್ಯಾಂಕರ್ ತುಂಬುತ್ತಿದೆ, ನಾನು ಸ್ಟೀರಿಂಗ್ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೂ ಬಾವುಟ ಎತ್ತಬೇಡ.

ಮೊದಲು ಸಣ್ಣಪುಟ್ಟದ್ದು. ಆ ಹುಡುಗ ಚೆಂಡು ಕೈಬಿಟ್ಟದ್ದು ಹಿಂದಕ್ಕೆ. ಮುಂದಕ್ಕೆ ಬಿದ್ದರೆ ಮಾತ್ರ ತಪ್ಪು. ಹಿಂದಕ್ಕೆ ಬಿದ್ದರೆ ಅದು ಬರೀ ಪೆದ್ದತನ, ಪೆದ್ದತನಕ್ಕೆ ನಾನು ಸೀಟಿ ಊದಲು ಹೊರಟರೆ ನಿಮ್ಮೂರಲ್ಲಿ ಪಂದ್ಯವೇ ನಡೆಯುವುದಿಲ್ಲ. ಡಬಲ್ ಮೂವ್‌ಮೆಂಟ್ ಎನ್ನುವುದು ನಮ್ಮ ಆಟದಲ್ಲಿ ಇಲ್ಲವೇ ಇಲ್ಲ. ಅದು ಹದಿಮೂರು ಜನ ಆಡುವ ಆ ಇನ್ನೊಂದು ರಗ್ಬಿಯದು. ನೀವೆಲ್ಲ ಟಿವಿಯಲ್ಲಿ ಅದನ್ನು ನೋಡಿ ನೋಡಿ ಎರಡನ್ನೂ ಕಲಸಿಕೊಂಡಿದ್ದೀರಿ. ನಮ್ಮಲ್ಲಿ ಕೆಳಗೆ ಬಿದ್ದವನು ತಡಮಾಡದೆ ಕೈ ಚಾಚಿ ಚೆಂಡು ಇಡಬಹುದು. ಅವನು ತಡಮಾಡಲಿಲ್ಲ.

ಇನ್ನು ದೊಡ್ಡದು. ಅಪ್ಪ, ದಯವಿಟ್ಟು ಇದನ್ನು ನಿಂತು ಓದಬೇಡ, ಕೂತು ಓದು. ಚೆಂಡನ್ನು ಹಿಡಿದುಕೊಂಡವನ ಕಾಲು ಗೆರೆಯಾಚೆ ಹೋದರೆ ಚೆಂಡು ಹೊರಗೆ. ಸರಿ. ಆದರೆ ಚೆಂಡು ಗೆರೆಯ ಒಳಗೆ ನೆಲದ ಮೇಲೆ ಸುಮ್ಮನೆ ಬಿದ್ದಿದ್ದರೆ, ಅದನ್ನು ಯಾರೂ ಹಿಡಿದಿರದಿದ್ದರೆ, ಆಚೆ ಇರುವವನು ಕೈ ಚಾಚಿ ಅದನ್ನು ಬರೀ ನೆಲಕ್ಕೆ ಒತ್ತಬಹುದು. ಅದು ಟ್ರೈ. ಅವನ ಕಾಲು ಗೆರೆಯಾಚೆ ಇರಲಿ, ಕೆರ್ಸ್ ಬುಷ್‌ನಲ್ಲಿರುವ ಅವನ ಅಡುಗೆಮನೆಯಲ್ಲಿರಲಿ, ಅದು ಟ್ರೈ. ಇಪ್ಪತ್ತೆರಡನೇ ನಿಯಮ. ಪುಸ್ತಕವನ್ನೇ ಇದರ ಜೊತೆ ಕಳಿಸುತ್ತಿದ್ದೇನೆ, ಪುಟ ಮಡಿಚಿದ್ದೇನೆ. ನಮ್ಮೂರಲ್ಲಿ ಈ ಪುಸ್ತಕ ಓದಿದವರು ಯಾರೂ ಇಲ್ಲ, ನಿಯಮ ಗೊತ್ತಿಲ್ಲದವರೂ ಯಾರೂ ಇಲ್ಲ. ನನಗೆ ತಲೆ ಚಿಟ್ಟುಹಿಡಿಯುವುದು ಇದಕ್ಕೇ.

ಪಂದ್ಯ ಮುಗಿದ ಮೇಲೆ ಕ್ಲಬ್ಬಿನಲ್ಲಿ ಭಾಷಣ ಆಯಿತಲ್ಲ. ಎದುರಾಳಿಗೆ ಥ್ಯಾಂಕ್ಸ್, ಅಡುಗೆಮನೆಯ ಹೆಂಗಸರಿಗೆ ಥ್ಯಾಂಕ್ಸ್, ಬಿಯರ್ ಕೊಟ್ಟವನಿಗೆ ಥ್ಯಾಂಕ್ಸ್. ನಮ್ಮ ಕ್ಯಾಪ್ಟನ್ ರೆಫರಿಯ ಹೆಸರು ಎತ್ತದೆ ಕೂತ. ಹನ್ನೊಂದು ವರ್ಷದ ಕೆಳಗಿನ ಮಕ್ಕಳ ಪಂದ್ಯಗಳಿಂದ ಶುರುಮಾಡಿ ಆರು ವರ್ಷ ಸೀಟಿ ಊದಿದ್ದೇನೆ, ಅಂಥದ್ದು ಎಲ್ಲೂ ಆಗಿರಲಿಲ್ಲ. ಆಗಿದ್ದು ನಾನು ನಡೆಯಲು ಕಲಿತ ಅಂಗಳದಲ್ಲಿ. ಅಮ್ಮ ನಾಲ್ಕು ಚೀಸ್ ರೋಲ್ ಸುತ್ತಿ ಕಾರಿನ ಕಿಟಕಿಯಲ್ಲಿ ಕೊಟ್ಟಳು. ನೀನು ಆಗ ಮೂಲೆಯಲ್ಲಿ ನಿಮ್ಮ ಅಧ್ಯಕ್ಷ ಗ್ರೇಮ್ ಜೊತೆ ನಿಂತು ನೆಲ ನೋಡುತ್ತಿದ್ದೆ.

ದೂರು ಬರೆಯುವುದಾದರೆ ಬರೆ. ಮುಂದಿನ ವರ್ಷ ಫಸ್ಟ್ ಗ್ರೇಡ್ ಪಂದ್ಯಗಳಿಗೆ ಯಾರು ರೆಫರಿ ಎಂಬ ಪಟ್ಟಿ ಸೆಪ್ಟೆಂಬರಿನಲ್ಲಿ ಬರುತ್ತದೆ, ಅದರಲ್ಲಿ ನನ್ನ ಹೆಸರಿನ ಮಾತು ನಡೆದಿದೆ ಎನ್ನುವುದನ್ನು ತಿಳಿದುಕೊಂಡು ಬರೆ.

ಇನ್ನೊಂದು. ನಾನು ಓಡಿ ಬಂದು ನಿನ್ನನ್ನು ಕೇಳಿದ್ದು ಕಾಲಿನ ವಿಷಯ ಅಲ್ಲ. ಅದನ್ನು ಇಲ್ಲಿಗೇ ಬಿಡುತ್ತೇನೆ.

ಐಲ್ಸಾ

*

ಟಾವೈ ಫ್ಲ್ಯಾಟ್
9 ಆಗಸ್ಟ್ 2005

ಐಲ್ಸಾ,

ನಿನ್ನ ಪುಸ್ತಕ ತಲುಪಿತು. ಅಡುಗೆಮನೆಯ ಮೇಜಿನ ಒಂದು ಕಾಲು ಕುಂಟುತ್ತಿತ್ತು, ಸರಿಯಾದ ದಪ್ಪ ಇದೆ.

ಸಮಿತಿಯಲ್ಲಿ ಹನ್ನೊಂದು ಜನ ಇದ್ದೆವು. ನೀನು ಬರೆದದ್ದನ್ನು ಅವರಿಗೆ ಹೇಳಿದೆ, ನಾನೇನು ಮುಚ್ಚಿಡುವವನಲ್ಲ. ಆಚೆ ನಿಂತವನು ಒಳಗಿನ ಚೆಂಡು ಒತ್ತಬಹುದಂತೆ ಎಂದಾಗ ಎಲ್ಲರೂ ನಕ್ಕರು. ಅಧ್ಯಕ್ಷ ಗ್ರೇಮ್ ಟಲಕ್ ಅಂದದ್ದು ಇಷ್ಟು: “ಹಾಗಾದ್ರೆ ಬೇಲಿ ಆಚೆ ನಿಂತ್ಕೊಂಡು ನಾನು ನಿನ್ನ ಕುರಿ ಮೇಲೆ ಕೈ ಇಟ್ರೆ ಕುರಿ ನಂದಾ, ಡೂಗಲ್?” ಗ್ರೇಮ್‌ಗೆ ಸಂಕಟ ಇದೆ ಎಂದು ನನಗೂ ಗೊತ್ತು, ಚೆಂಡು ಕೈಬಿಟ್ಟ ಕ್ಯಾಲಮ್ ಅವನ ಮಗ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನೀನು ಮನಸ್ಸಿನಲ್ಲೇ ಅನ್ನುತ್ತೀಯ. ಅನ್ನು.

ಹನ್ನೊಂದರಲ್ಲಿ ಹನ್ನೊಂದು ಕೈ ಮೇಲೆದ್ದವು. ದೂರು ನಾನೇ ಬರೆದೆ, ಸಹಿಯೂ ನನ್ನದೇ. ನಿನ್ನನ್ನು ಮಗಳು ಎಂದು ಎಲ್ಲೂ ಬರೆದಿಲ್ಲ, ‘ರೆಫರಿ’ ಎಂದಷ್ಟೇ ಬರೆದೆ. ನೀನೂ ಅಂದು ನನ್ನನ್ನು ಅಪ್ಪ ಎಂದು ಕರೆಯಲಿಲ್ಲವಲ್ಲ.

ಅಂಚೆಗೆ ಹಾಕಿ ಬಂದಾಗ ನಿನ್ನ ಅಮ್ಮ ಕುರಿಮಾಂಸದ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ, ತನ್ನ ತಟ್ಟೆ ತೆಗೆದುಕೊಂಡು ಬೇರೆ ಕೋಣೆಗೆ ಹೋದಳು. ಮೂರು ದಿನದಿಂದ ಹೀಗೇ ನಡೆದಿದೆ.

ಡೂಗಲ್ ರಾಂಕಿನ್, ಕಾರ್ಯದರ್ಶಿ
(ಅಭ್ಯಾಸಬಲ. ಅಪ್ಪ ಎಂದು ಓದಿಕೊ.)

*

ಟಾವೈ ಫ್ಲ್ಯಾಟ್
13 ಆಗಸ್ಟ್ 2005

ನನ್ನ ಐಲ್ಸಾ,

ಅಮ್ಮ ಬರೆಯುತ್ತಿದ್ದೇನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕೂಸೂ ಗಂಡನೂ ಗುದ್ದಾಡಿ ನಾನು ಬಡವಾಗಿದ್ದೇನೆ. ನಿಮ್ಮಿಬ್ಬರಿಗೂ ಒಂದೊಂದು ಬಿಟ್ಟರೆ ನನ್ನ ಮನಸ್ಸಿಗೆ ಸಮಾಧಾನ ಆಗುತ್ತದೆ.

ಒಂದು ವಿಷಯ ಹೇಳಬೇಕು. ಬುಧವಾರ ಮೇಜು ಮತ್ತೆ ಕುಂಟಿತು. ಕೆಳಗೆ ನೋಡಿದರೆ ಪುಸ್ತಕ ಇಲ್ಲ. ಇವನನ್ನು ಹುಡುಕಿಕೊಂಡು ಹೋದರೆ ಶೆಡ್‌ನಲ್ಲಿ ತಂತಿಸುರುಳಿಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಅದನ್ನು ಓದುತ್ತಿದ್ದ. ನನ್ನನ್ನು ಕಂಡು ಪುಸ್ತಕವನ್ನು ಕೋಟಿನೊಳಗೆ ತುರುಕಿದ. ಏನು ಓದಿದೆ ಎಂದು ಕೇಳಿದ್ದಕ್ಕೆ ಕುರಿಯ ಔಷಧದ ಬಗ್ಗೆ ಎಂದ. ಮೂವತ್ತೆಂಟು ವರ್ಷ ಬಾಳಿದವಳಿಗೆ ಇವನು ಹೇಳುವ ಸುಳ್ಳು ಇಷ್ಟು ಬಡಕಲಾದರೆ ಹೇಗೆ ಹೇಳು.

ಅಂದಿನಿಂದ ಮಾತೇ ಇಲ್ಲ. ಬೈಯುತ್ತಿದ್ದಾಗ ನನಗೆ ಭಯ ಇರಲಿಲ್ಲ, ಈಗ ಇದೆ. ಹುಲ್ಲುಗಾವಲಿನಲ್ಲಿ ಮರಿ ಹಾಕುವ ಕುರಿಗಳನ್ನು ನೋಡುತ್ತಾ ನಿಂತುಬಿಡುತ್ತಾನೆ. ನಿನ್ನೆ ಊಟದ ನಡುವೆ ಇದ್ದಕ್ಕಿದ್ದಂತೆ, “ಹತ್ತೊಂಬತ್ತು ವರ್ಷ, ನೋಲೀನ್” ಎಂದ. ಏನು ಹತ್ತೊಂಬತ್ತು ವರ್ಷ ಎಂದು ನಾನು ಕೇಳಿದರೆ ಉಪ್ಪು ಕೇಳಿದ.

ಟ್ಯಾಂಕರ್ ತೆಗೆದುಕೊಂಡು ವಾರಕ್ಕೆ ಮೂರು ಸಲ ನಮ್ಮ ಗೇಟಿನ ಮುಂದೆ ಹೋಗುತ್ತಿದ್ದವಳು ಈಗ ಸೇತುವೆಯ ದಾರಿ ಹಿಡಿದಿದ್ದೀಯಂತೆ. ನಾಲ್ಕು ಮೈಲಿ ಸುತ್ತು. ನೀನೂ ಅವನ ಮಗಳೇ.

ಅಮ್ಮ

*

ಇನ್ವರ್ಕಾರ್ಗಿಲ್
22 ಆಗಸ್ಟ್ 2005

ಅಪ್ಪ,

ನಿಮ್ಮ ದೂರಿಗೆ ರೆಫರಿಗಳ ಸಂಘದಿಂದ ಉತ್ತರ ಬಂದಿರಬೇಕು. ನನಗೂ ಪ್ರತಿ ಬಂದಿದೆ. ನಿಯಮ ನಾನು ಹೇಳಿದಂತೆಯೇ ಇದೆ ಎಂದು ಅವರು ಎರಡು ಸಾಲಿನಲ್ಲಿ ಮುಗಿಸಿದ್ದಾರೆ. ಅಷ್ಟಕ್ಕೆ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ. ಈಗ ಗ್ರೇಮ್ ಹೊಸ ರಾಗ ತೆಗೆದಿದ್ದಾನೆ. ರಾವಿರಿ ಚೆಂಡನ್ನು ಒತ್ತಲಿಲ್ಲ, ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದ ಎಂದು. ಮೂರು ವಾರ ಇಡೀ ಊರು ಕಾಲು ಕಾಲು ಎಂದು ಕೂಗಿತು. ಕಾಲಿನಿಂದ ಪ್ರಯೋಜನ ಇಲ್ಲ ಎಂದು ಗೊತ್ತಾದ ದಿನ ಎಲ್ಲರಿಗೂ ಒಟ್ಟಿಗೆ ಕೈ ನೆನಪಾಯಿತು. ಇವರಿಗೆಲ್ಲ ನಾನು ಏನು ಹೇಳಲಿ?

ಸಂಘ ಹೇಳಿರುವುದು ಇದು. ಅಷ್ಟು ಹತ್ತಿರ ಇದ್ದದ್ದು ಲೈನ್ಸ್‌ಮನ್ ಒಬ್ಬನೇ. ಚೆಂಡು ಕೈಯಲ್ಲಿತ್ತೋ ನೆಲದ ಮೇಲಿತ್ತೋ ಎಂದು ಅವನು ಆಗಸ್ಟ್ ಮುಗಿಯುವುದರೊಳಗೆ ಬರೆದು ಕೊಡಬೇಕು. ಕೈಯಲ್ಲಿತ್ತು ಎಂದರೆ ಫೈನಲ್ ಮತ್ತೆ ನಡೆಯುತ್ತದೆ. ಫೈನಲನ್ನೇ ಕೆಡಿಸಿದ ರೆಫರಿಯನ್ನು ಫಸ್ಟ್ ಗ್ರೇಡ್ ಪಟ್ಟಿಗೆ ಯಾರು ಸೇರಿಸುತ್ತಾರೆ? ಈ ವರ್ಷ ತಪ್ಪಿದರೆ ಮತ್ತೆ ಕರೆಯುವುದಿಲ್ಲ ಎಂದು ನನಗೆ ಮೊದಲೇ ಹೇಳಿದ್ದಾರೆ. ಇಲ್ಲಿಯವರೆಗೆ ಆ ಪಟ್ಟಿಯಲ್ಲಿ ಹೆಂಗಸಿನ ಹೆಸರು ಬಂದಿಲ್ಲ. ನನ್ನ ಹೆಸರು ಬರಲಿ ಎಂದು ಕಾಯುತ್ತಿರುವವರು ಎಷ್ಟಿದ್ದಾರೋ, ಬೀಳಲಿ ಎಂದು ಕಾಯುತ್ತಿರುವವರೂ ಅಷ್ಟೇ ಇದ್ದಾರೆ.

ನಾನು ಕಂಡದ್ದು ನನಗೆ ಗೊತ್ತು. ಚೆಂಡು ನೆಲದ ಮೇಲಿತ್ತು, ಅವನ ಅಂಗೈ ಮೇಲಿನಿಂದ ಬಂತು. ನನ್ನ ಪರವಾಗಿ ಬರೆ ಎಂದು ನಾನು ಕೇಳುವುದಿಲ್ಲ. ನೀನು ಕಂಡದ್ದನ್ನು ಬರೆ, ಅಷ್ಟೇ.

ಐಲ್ಸಾ

*

ಟಾವೈ ಫ್ಲ್ಯಾಟ್
28 ಆಗಸ್ಟ್ 2005

ಐಲ್ಸಾ,

ಕಂಡದ್ದನ್ನು ಬರೆ ಎಂದು ಎಷ್ಟು ಸುಲಭವಾಗಿ ಹೇಳಿಬಿಟ್ಟೆ. ಓದಿ ಕಾಗದವನ್ನು ಒಲೆಗೆ ಹಾಕುವಷ್ಟು ಸಿಟ್ಟು ಬಂತು.

ಶುಕ್ರವಾರ ಗ್ರೇಮ್ ಮನೆಗೆ ಬಂದಿದ್ದ. ನಾನು ಬರೆಯಬೇಕಾದ ಹೇಳಿಕೆಯನ್ನು ಟೈಪ್ ಮಾಡಿಸಿಕೊಂಡೇ ಬಂದಿದ್ದ. ‘ಆಟಗಾರ ಎರಡೂ ಕೈಗಳಿಂದ ಚೆಂಡನ್ನು ಹಿಡಿದಿದ್ದ.’ ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಶಾಲೆಯ ಬೆಂಚಿನಿಂದ ಜೊತೆಗಿದ್ದವನು, ನನಗೆ ಬೆನ್ನು ಹಿಡಿದ ವರ್ಷ ನನ್ನ ಪಾಲಿನ ಬೇಲಿಯನ್ನೆಲ್ಲ ತಾನೇ ಹಾಕಿಕೊಟ್ಟವನು. ಅವನಿಗೆ ಇಲ್ಲ ಎನ್ನುವುದು ನನಗೆ ರೂಢಿಯಿಲ್ಲ. ಗ್ರೇಮ್, ನಾನು ಅದನ್ನು ನೋಡಿಲ್ಲ ಕಣೋ ಎಂದೆ.

“ನೋಡಿಲ್ಲ ಅಂದ್ರೆ ಏನೋ? ಮೂರು ಗಜ ದೂರದಲ್ಲಿ ಕಂಬದ ಥರ ನಿಂತಿದ್ದೆ.”

“ನಿಂತಿದ್ದೆ. ಕಾಲು ನೋಡ್ತಾ ಇದ್ದೆ.”

ಅವನು ಕಾಗದವನ್ನು ನನ್ನ ಕಡೆ ತಳ್ಳಿದ. ಆಮೇಲೆ ಮೆತ್ತಗೆ ಹೇಳಿದ: “ಅದನ್ನ ಇನ್ನೊಬ್ಬರ ಮುಂದೆ ಹೇಳ್ಬೇಡ ಮಾರಾಯ. ಲೈನ್ಸ್‌ಮನ್ ಚೆಂಡು ನೋಡ್ಲಿಲ್ಲ ಅಂದ್ರೆ ಊರು ನಗುತ್ತೆ. ಸಹಿ ಹಾಕು. ನಮ್ಮ ಬಾವುಟ ನಮ್ಮ ಕಡೆಗೇ ಅಲ್ವೇನೋ ಇರ್ಬೇಕಾದ್ದು?”

ಕಾಗದ ಮೇಜಿನ ಮೇಲೆ ಬಿಟ್ಟು ಹೋದ. ಇನ್ನೂ ಅಲ್ಲೇ ಇದೆ, ನಿನ್ನ ಅಮ್ಮ ಅದನ್ನು ಮುಟ್ಟದೆ ಸುತ್ತ ಒರೆಸುತ್ತಿದ್ದಾಳೆ.

ಈಗ ತಿಳಿಯಿತೇ? ನಾನು ಕಂಡದ್ದು ಒಂದು ಬೂಟು, ಒಂದು ಬಿಳಿ ಗೆರೆ. ಅಷ್ಟೇ. ಹತ್ತೊಂಬತ್ತು ವರ್ಷ ಮೂಲೆಯಲ್ಲಿ ಯಾರು ಬಿದ್ದರೂ ನಾನು ನೋಡಿದ್ದು ಕಾಲನ್ನೇ. ಕೈ ನೋಡಬೇಕು ಎಂದು ನನಗೆ ಯಾರೂ ಹೇಳಿಲ್ಲ, ನಾನೂ ಯಾರನ್ನೂ ಕೇಳಿಲ್ಲ. ಒಬ್ಬರ ಬಾಯಿಂದ ಒಬ್ಬರಿಗೆ ಬಂದ ಬಾವುಟ ಅದು. ನನಗೆ ಕೊಟ್ಟ ಮುದುಕ, ಗೆರೆ ನೋಡ್ಕೋ ಮಗಾ, ಮಿಕ್ಕಿದ್ದು ರೆಫರಿ ನೋಡ್ಕೋತಾನೆ ಎಂದಿದ್ದ.

ನೀನು ಓಡಿ ಬಂದು ಏನು ಕೇಳಿದೆ ಎನ್ನುವುದೂ ನನಗೆ ನೆನಪಿದೆ. “ಲೈನ್ಸ್‌ಮನ್, ಚೆಂಡು ಅವನ ಕೈಯಲ್ಲಿತ್ತಾ?” ಲೈನ್ಸ್‌ಮನ್! ನಾನು ಬೂಟಿನ ಲೇಸು ಕಟ್ಟಲು ಕಲಿಸಿದ ಹುಡುಗಿ, ಇಡೀ ಊರಿನ ಮುಂದೆ ಸರ್ಕಾರಿ ಅಧಿಕಾರಿಯ ಹಾಗೆ. ನನಗೆ ಉರಿದುಹೋಯಿತು. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಅದಕ್ಕೇ ಕಾಲು ಎಂದೆ. ನೀನು ಇನ್ನೊಮ್ಮೆ ಅದನ್ನೇ ಕೇಳಿದೆ, ನಾನು ಇನ್ನೊಮ್ಮೆ ಕಾಲು ಎಂದೆ.

ಇದನ್ನು ಬರೆದುಕೊಟ್ಟರೆ ಕ್ಲಬ್ಬಿನಲ್ಲಿ ನನಗೆ ಮುಖವಿಲ್ಲ. ಗ್ರೇಮ್‌ನ ಕಾಗದಕ್ಕೆ ಸಹಿ ಹಾಕಿದರೆ ಮನೆಯಲ್ಲಿ ಮುಖವಿಲ್ಲ. ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ, ನೀನು ಅಲ್ಲಿ ಕೂತು ಕಂಡದ್ದನ್ನು ಬರೆ ಎನ್ನುತ್ತೀಯ.

ಬುಧವಾರ ಕೊನೆಯ ದಿನ.

ಅಪ್ಪ

*

ಇನ್ವರ್ಕಾರ್ಗಿಲ್
3 ಸೆಪ್ಟೆಂಬರ್ 2005

ಅಪ್ಪ,

ಡಿಪೋದಲ್ಲಿ ನನ್ನ ಜೊತೆ ಟ್ಯಾಂಕರ್ ಓಡಿಸುವವನೊಬ್ಬ ಗುರುವಾರ ನಿಮ್ಮೂರ ಪಬ್ಬಿನಲ್ಲಿದ್ದನಂತೆ. ನೀನು ಗ್ರೇಮ್‌ನ ಮೇಜಿನಲ್ಲಿ ಕೂತು, ಅವನ ಪೆನ್ನಿನಿಂದಲೇ ಒಂದು ಕಾಗದಕ್ಕೆ ಸಹಿ ಹಾಕಿದ್ದನ್ನು ಕಣ್ಣಾರೆ ಕಂಡನಂತೆ. ಡೂಗಲ್ ಸಹಿ ಹಾಕಿದ, ಫೈನಲ್ ಮತ್ತೆ ಆಡೋದೇ ಎಂದು ಪಬ್ಬಿನಲ್ಲಿ ಮಾತಾಡುತ್ತಿದ್ದರಂತೆ. ಇಲ್ಲಿ ಎಲ್ಲರಿಗೂ ಗೊತ್ತಾಗಿದೆ. ಅಪ್ಪನೇ ಬರೆದುಕೊಟ್ಟನಂತೆ ಎಂದು ಹೇಳಿ ನನ್ನ ಮುಖ ನೋಡುತ್ತಾರೆ.

ನಿನ್ನ ಹಿಂದಿನ ಕಾಗದವನ್ನು ನಾನು ನಾಲ್ಕು ಸಲ ಓದಿದ್ದೆ. ನೋಡಿಲ್ಲ ಎಂದು ನನಗೆ ಬರೆಯುವಷ್ಟು ಧೈರ್ಯ ಇದ್ದವನು ಅವರಿಗೂ ಬರೆಯುತ್ತಾನೆ ಎಂದು ನಂಬಿದ್ದೆ. ಟ್ಯಾಂಕರ್ ತಿರುಗಿಸಿ ಗೇಟಿನವರೆಗೆ ಬಂದಿದ್ದೆ ಕೂಡ. ಎಂಥ ದಡ್ಡಿ ನಾನು.

ಪಟ್ಟಿ ಹೋದರೆ ಹೋಗಲಿ. ಕಾಣದ ಕೈಯನ್ನು ಕಂಡೆ ಎಂದು ಬರೆದೆಯಲ್ಲ, ಅದು ಹೋಗುವುದಿಲ್ಲ. ಇನ್ನು ನನಗೆ ಬರೆಯಬೇಡ.

ಐಲ್ಸಾ ರಾಂಕಿನ್, ರೆಫರಿ

*

ಟಾವೈ ಫ್ಲ್ಯಾಟ್
6 ಸೆಪ್ಟೆಂಬರ್ 2005

ಐಲ್ಸಾ,

ನಿನ್ನ ಅಪ್ಪ ಸಹಿ ಹಾಕಿದ್ದು ನಿಜ. ಕಾರ್ಯದರ್ಶಿ ಸ್ಥಾನದ ರಾಜೀನಾಮೆಗೆ. ಅದನ್ನು ಗ್ರೇಮ್‌ಗೆ ಕೊಡಲೆಂದೇ ಪಬ್ಬಿಗೆ ಹೋಗಿದ್ದ, ಪೆನ್ನು ಮರೆತಿದ್ದ. ಅದರ ಹಿಂದಿನ ದಿನವೇ ಸಂಘಕ್ಕೆ ಹೇಳಿಕೆ ಕಳಿಸಿಯಾಗಿತ್ತು. ನಿನ್ನ ಕಾಗದ ಓದಿದ ಇವನು ನನಗೂ ಏನೂ ಬರೆಯಬೇಡ ಎಂದ. ಇವನ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳಿಕೆಯ ಕಾರ್ಬನ್ ಪ್ರತಿ ಇದರೊಳಗಿದೆ, ಕದ್ದು ಕಳಿಸುತ್ತಿದ್ದೇನೆ.

ಅಮ್ಮ

*

ಟಾವೈ ಫ್ಲ್ಯಾಟ್
31 ಆಗಸ್ಟ್ 2005

ರೆಫರಿಗಳ ಸಂಘದ ಅಧ್ಯಕ್ಷರಿಗೆ,

ಜುಲೈ 30ರ ಫೈನಲಿನಲ್ಲಿ ನಾನು ಟಾವೈ ಫ್ಲ್ಯಾಟ್ ಕ್ಲಬ್ಬಿನ ಲೈನ್ಸ್‌ಮನ್ ಆಗಿದ್ದೆ. ಚೆಂಡು ಆಟಗಾರನ ಕೈಯಲ್ಲಿತ್ತೇ ಎಂದು ಕೇಳಿದ್ದೀರಿ. ನನಗೆ ಗೊತ್ತಿಲ್ಲ. ನಾನು ನೋಡಲಿಲ್ಲ. ಕಾಲನ್ನು ನೋಡುತ್ತಿದ್ದೆ. ಕೈ ನೋಡಬೇಕು ಎಂಬ ನಿಯಮ ನನಗೆ ತಿಳಿದದ್ದು ಆಗಸ್ಟ್ ಹತ್ತನೇ ತಾರೀಕು.

ರೆಫರಿ ನನ್ನ ಮಾತನ್ನು ತಳ್ಳಿಹಾಕಿದಳು ಎಂದು ಇಲ್ಲಿನವರು ಹೇಳುತ್ತಿದ್ದಾರೆ. ಅದು ಸುಳ್ಳು. ಚೆಂಡು ಕೈಯಲ್ಲಿತ್ತಾ ಎಂದು ಅವಳು ನನ್ನನ್ನು ಎರಡು ಸಲ ಕೇಳಿದಳು. ಎರಡು ಸಲವೂ ನಾನು ಕಾಲಿನ ವಿಷಯ ಹೇಳಿದೆ. ಕೇಳಿದ್ದಕ್ಕೆ ಉತ್ತರ ನನ್ನಲ್ಲಿ ಇರಲಿಲ್ಲ, ಇಲ್ಲ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ. ತಾನು ಕಂಡದ್ದರ ಮೇಲೆ ಅವಳು ತೀರ್ಪು ಕೊಟ್ಟಳು. ಅವಳು ಮಾಡಬೇಕಾದದ್ದು ಅದನ್ನೇ.

ಹತ್ತೊಂಬತ್ತು ವರ್ಷಗಳಲ್ಲಿ ಹೀಗೆ ಎಷ್ಟು ಟ್ರೈ ಕೊಂದಿದ್ದೇನೋ ನನಗೆ ತಿಳಿಯದು. ಇನ್ನು ಮುಂದೆ ಬಾವುಟ ಹಿಡಿಯುವುದಿಲ್ಲ.

ರೆಫರಿ ನನ್ನ ಮಗಳು. ದೂರಿನಲ್ಲಿ ಅದನ್ನು ಬರೆಯದೆ ಬಿಟ್ಟಿದ್ದೆ. ಈಗ ಬರೆದಿದ್ದೇನೆ.

ಡೂಗಲ್ ರಾಂಕಿನ್

*

ಟಾವೈ ಫ್ಲ್ಯಾಟ್
20 ಸೆಪ್ಟೆಂಬರ್ 2005

ಪ್ರೀತಿಯ ಐಲ್ಸಾ,

ಕ್ಷಮೆ ಕೇಳಿ ನೀನು ಬರೆದ ನಾಲ್ಕು ಪುಟ ತಲುಪಿತು. ಎರಡನೇ ಪುಟಕ್ಕೇ ಸಾಕಾಯಿತು. ಮಿಕ್ಕದ್ದನ್ನು ನಿನ್ನ ಅಮ್ಮ ಓದಿ, ಅತ್ತು, ಡಬ್ಬಿಯಲ್ಲಿಟ್ಟಿದ್ದಾಳೆ.

ಇಲ್ಲಿನ ಸುದ್ದಿ ಕೇಳು. ಶೀಲ್ಡ್ ಕೆರ್ಸ್ ಬುಷ್‌ನಲ್ಲೇ ಉಳಿಯಿತು. ಕ್ಲಬ್ಬಿನಲ್ಲಿ ನಾನು ಕೂತ ಮೇಜಿಗೆ ಯಾರೂ ಬರುವುದಿಲ್ಲ, ಗ್ರೇಮ್ ರಸ್ತೆ ದಾಟಿ ಆ ಕಡೆ ನಡೆಯುತ್ತಾನೆ. ಅವನು ಮಾತಾಡಿಸದೆ ಇರುವುದು ಶೀಲ್ಡ್ ಹೋದದ್ದಕ್ಕಿಂತ ಹೆಚ್ಚು ನೋಯುತ್ತದೆ. ಕ್ಯಾಲಮ್ ಮಾತ್ರ ಭಾನುವಾರ ಬಂದಿದ್ದ. ಹೊಳೆಯ ಕಡೆಯ ಬೇಲಿಗೆ ಕಂಬ ಹಿಡಿದುಕೊಂಡ. ಹೋಗುವಾಗ, ಚೆಂಡು ನೆಲದ ಮೇಲೇ ಇತ್ತು, ನಾನು ಅವತ್ತೇ ಹೇಳ್ಬೇಕಿತ್ತು, ಅಪ್ಪನ ಮುಖ ನೋಡಿ ಬಾಯಿ ಬರ್ಲಿಲ್ಲ ಎಂದ. ಹೇಳಲಿಲ್ಲವಲ್ಲ ಎಂದು ಬೈಯಲು ನಾನು ಯಾರು? ಟೀ ಕುಡಿಸಿ ಕಳಿಸಿದೆ.

ಕೆರ್ಸ್ ಬುಷ್‌ನ ಕಾಲಿನ್ ಹೆಸ್ಲಪ್‌ಗೂ ಒಂದು ಕಾಗದ ಬರೆದಿದ್ದೆ. 1998ರ ಸೆಮಿಫೈನಲಿನಲ್ಲಿ ಅವನ ಟ್ರೈ ಮೇಲೆ ಬಾವುಟ ಎತ್ತಿದ್ದು ನೆನಪಾಗಿ ನಿದ್ದೆ ಬರುತ್ತಿರಲಿಲ್ಲ. ಅವನ ಉತ್ತರ ಕಾರ್ಡಿನಲ್ಲಿ ಬಂತು. ಚೆಂಡು ಅವನ ಕಂಕುಳಲ್ಲಿತ್ತಂತೆ, ಒಂದು ಹಸುವಿನ ಉದ್ದದಷ್ಟು ಆಚೆ ಹೋಗಿದ್ದನಂತೆ, ಏಳು ವರ್ಷದ ಹಿಂದಿನದ್ದಕ್ಕೆ ಕ್ಷಮೆ ಕೇಳುವ ಹುಚ್ಚನ ಜೊತೆ ಪತ್ರ ವ್ಯವಹಾರ ಬೇಡವಂತೆ. ಒಂದನ್ನಾದರೂ ಸರಿಯಾಗಿ ಎತ್ತಿದ್ದೆ.

ಪಟ್ಟಿಯಲ್ಲಿ ನಿನ್ನ ಹೆಸರು ಬಂದದ್ದನ್ನು ಪೇಪರಿನಲ್ಲಿ ಓದಿದೆ. ಖುಷಿಯಾಯಿತು. ಇದನ್ನು ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ, ತುಂಬಾ ಖುಷಿಯಾಯಿತು.

ಆದರೆ ನಿನ್ನ ಮೇಲೆ ನನಗೆ ಸಿಟ್ಟಿದೆ, ಇದು ಹೊಸ ಸಿಟ್ಟು. ಸಂಘದವರು ನನ್ನ ಹೇಳಿಕೆಗೆ ಉತ್ತರ ಬರೆದಿದ್ದಾರೆ. ನಾನು ತಿಳಿಸಿದ ಸಂಗತಿ ರೆಫರಿಯ ವರದಿಯಲ್ಲಿ ಇಲ್ಲ, ‘ಲೈನ್ಸ್‌ಮನ್‌ಗೂ ನನಗೂ ಅಭಿಪ್ರಾಯ ಬೇರೆಯಾಯಿತು’ ಎಂದಷ್ಟೇ ಅವಳು ಬರೆದಿದ್ದಾಳೆ, ವರದಿ ಅಪೂರ್ಣ ಎಂದು ಅವಳಿಗೆ ಎಚ್ಚರಿಕೆ ಕೊಟ್ಟಿದ್ದೇವೆ ಎಂದು. ಅಭಿಪ್ರಾಯ ಬೇರೆಯಾಯಿತಂತೆ! ಕೇಳಿದ್ದಕ್ಕೆ ಉತ್ತರ ಕೊಡದ ಮುದುಕನೊಬ್ಬ ಗೆರೆಯ ಮೇಲೆ ನಿಂತಿದ್ದ ಎಂದು ನೀನು ಒಂದು ಸಾಲು ಬರೆದಿದ್ದರೆ ನಿನ್ನ ಮೇಲಿನ ದೂರು ಆ ದಿನವೇ ಬಿದ್ದುಹೋಗುತ್ತಿತ್ತು. ಬರೆಯಲಿಲ್ಲ. ಊರೆಲ್ಲ ನಿನ್ನನ್ನು ಬೈಯುತ್ತಿದ್ದಾಗಲೂ ಬಾಯಿ ಬಿಡಲಿಲ್ಲ. ನಿನ್ನ ಮೇಲೆ ದೂರಿಗೆ ಸಹಿ ಹಾಕಿದವನನ್ನು ಕಾಪಾಡುತ್ತಾ ಕೂತೆ.

ರೆಫರಿಯಾದವಳು ಯಾರನ್ನೂ ಕಾಪಾಡಬಾರದು, ಅಪ್ಪನನ್ನಂತೂ ಕೂಡದು. ಇನ್ನೊಮ್ಮೆ ಹಾಗೆ ಮಾಡಿದ್ದು ಗೊತ್ತಾದರೆ ಸಂಘಕ್ಕೆ ದೂರು ನಾನೇ ಬರೆಯುತ್ತೇನೆ, ಯಾವ ಸಮಿತಿಯೂ ಕೈ ಎತ್ತುವುದು ಬೇಕಾಗಿಲ್ಲ.

ನಿನ್ನ ಅಪ್ಪ